ಡ್ರಾಕುಲನಿಗೆ ದೊರೆತ ಉತ್ತಮಪುರುಷ: ಒಂದು ವಿಡಿಯೋ ಗೇಮಿನ ಅಣಕ ಮತ್ತು ಅನುವಾದ

1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರನ ‘ಡ್ರಾಕುಲ’ ಕಾದಂಬರಿಯು ದಿನಚರಿ, ಪತ್ರ, ತಂತಿ, ಪತ್ರಿಕಾ ವರದಿ, ಹಡಗಿನ ದಾಖಲೆ ಮುಂತಾದ ಬರಹಗಳ ಜೋಡಣೆಯಿಂದ ರೂಪುಗೊಂಡ ಕೃತಿ. ಜೊನಾಥನ್ ಹಾರ್ಕರ್, ಮೀನಾ, ಲೂಸಿ, ಡಾಕ್ಟರ್ ಸೆವರ್ಡ್ ಮೊದಲಾದವರು ತಮ್ಮ ತಮ್ಮ ‘ನಾನು’ವಿನ ಮೂಲಕ ಕತೆಯನ್ನು ನಿರೂಪಿಸುತ್ತಾರೆ. ಕಾದಂಬರಿಗೆ ಹೆಸರನ್ನೇ ಕೊಟ್ಟ ಡ್ರಾಕುಲನಿಗೆ ಮಾತ್ರ ಸ್ವಂತದ ದಿನಚರಿಯಿಲ್ಲ. ಅವನು ಆಡಿದ ಮಾತುಗಳೂ ಬರೆದ ಪತ್ರವೂ ಇತರರ ಬರಹದೊಳಗೆ ಉದ್ಧೃತವಾಗಿಯೇ ಓದುಗನನ್ನು ತಲುಪುತ್ತವೆ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ನಿರೂಪಣೆಯ ನೆಲೆಯಲ್ಲಿ ಡ್ರಾಕುಲನು ಸದಾ ಪ್ರಥಮಪುರುಷ, ಅಂದರೆ ‘ಅವನು’. ಉತ್ತಮಪುರುಷವಾದ ‘ನಾನು’ ಅವನನ್ನು ಬೇಟೆಯಾಡುವವರ ಸೊತ್ತು. ಆತನು ಹುಟ್ಟಿಸುವ ಭಯಕ್ಕೂ ಈ ಹಂಚಿಕೆಗೂ ನೇರ ಸಂಬಂಧವಿದೆ. ಒಳಗಿನಿಂದ ಅರಿಯಲಾಗದ್ದೇ ಹೆಚ್ಚು ಭಯಂಕರ.

ಈ ನಿರೂಪಣಾ ವ್ಯವಸ್ಥೆಯನ್ನು ತಲೆಕೆಳಗು ಮಾಡಿದ ಪಠ್ಯವೊಂದು ಸಾಹಿತ್ಯದ ಅಭ್ಯಾಸಿಗಳು ಸಾಮಾನ್ಯವಾಗಿ ಹುಡುಕದ ಕಡೆಯಲ್ಲಿ ದೊರೆಯುತ್ತದೆ. ಜಪಾನಿನ ಕೊನಾಮಿ ಕಂಪನಿಯು 1990ರಲ್ಲಿ, ಟಿ.ವಿ.ಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಯಂತ್ರಕ್ಕಾಗಿ ‘ಅಕುಮಾಜೋ ಸ್ಪೆಷಲ್: ಬೋಕು ಡ್ರಾಕ್ಯುರಾ-ಕುನ್’ ಎಂಬ ಹಾಸ್ಯಪ್ರಧಾನವಾದ ವಿಡಿಯೋ ಗೇಮನ್ನು ಹೊರತಂದಿತು. ಅದರ ಮುಂದುವರಿಕೆಯು 1993ರಲ್ಲಿ, ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರಕ್ಕೆ ಬಂದಿತು. ಇಂಗ್ಲಿಷಿನಲ್ಲಿ ಅದರ ಹೆಸರು ‘ಕಿಡ್ ಡ್ರಾಕುಲ’. ಇವೆರಡೂ ‘ಪ್ಲಾಟ್‌ಫಾರ್ಮ್’ ಎಂದು ಕರೆಯಲಾಗುವ ಬಗೆಯ ಆಟಗಳು: ಪರದೆಯ ಮೇಲಿನ ಪಾತ್ರವನ್ನು ಗುಂಡಿಗಳ ಮೂಲಕ ನಡೆಸುತ್ತ, ಕಟ್ಟೆಯಿಂದ ಕಟ್ಟೆಗೆ ನೆಗೆಸುತ್ತ, ಎದುರಾಗುವ ಶತ್ರುಗಳನ್ನು ದಾಟಿಸುತ್ತ ಹಂತ ಹಂತವಾಗಿ ಮುಂದೆ ಸಾಗುವುದು ಇವುಗಳ ಕ್ರಮ. ಈ ಆಟಗಳು ಡ್ರಾಕುಲನಿಗೆ ಉತ್ತಮಪುರುಷವನ್ನು ಒದಗಿಸಿದ ಬಗೆ, ಅದರಿಂದ ಭಯವು ನಗೆಯಾದ ಬಗೆ, ಹಾಗೂ ಇಂಗ್ಲಿಷಿಗೆ ದಾಟುವಾಗ ಆ ‘ನಾನು’ ಕಳೆದುಹೋದ ಬಗೆ ಪ್ರಸ್ತುತ ಲೇಖನದ ವಿವೇಚನೆಯ ವಿಷಯಗಳು.

1. ಆಧಾರಪಠ್ಯ ಮತ್ತು ಅಣಕದ ಬೀಜ

ಯಾವುದೇ ಅಣಕಕ್ಕೆ ಒಂದು ಆಧಾರಪಠ್ಯ ಬೇಕು. ಇಲ್ಲಿ ಅದು ನೇರವಾಗಿ ಸ್ಟೋಕರನ ಕಾದಂಬರಿಯಲ್ಲ. ಕಾದಂಬರಿಯಿಂದ ಸಿನಿಮಾಕ್ಕೆ, ಸಿನಿಮಾದಿಂದ ಆಟಕ್ಕೆ ಸಾಗಿಬಂದ ಒಂದು ಸರಪಳಿ. 1922ರ ‘ನೊಸ್ಫೆರಾಟು’, ಬೇಲಾ ಲುಗೋಸಿ ನಟಿಸಿದ 1931ರ ‘ಡ್ರಾಕುಲ’, ಕ್ರಿಸ್ಟಫರ್ ಲೀ ನಟಿಸಿದ 1958ರ ‘ಡ್ರಾಕುಲ’ ಇವು ಈ ಸರಪಳಿಯ ಮುಖ್ಯ ಕೊಂಡಿಗಳು. ಇವುಗಳಿಂದ ಪ್ರೇರಣೆ ಪಡೆದು ಕೊನಾಮಿ 1986ರಲ್ಲಿ ‘ಅಕುಮಾಜೋ ಡ್ರಾಕ್ಯುರಾ’ ಎಂಬ ಗಂಭೀರವಾದ ಆಟವನ್ನು ರೂಪಿಸಿತು. ‘ಅಕುಮಾಜೋ’ ಎಂದರೆ ದೆವ್ವದ ಕೋಟೆ. ಇಂಗ್ಲಿಷಿನಲ್ಲಿ ಈ ಆಟ ‘ಕ್ಯಾಸಲ್‌ವೇನಿಯ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಸೈಮನ್ ಬೆಲ್ಮಾಂಟ್ ಎಂಬ ಬೇಟೆಗಾರನು ಚಾವಟಿ ಹಿಡಿದು ಕೋಟೆಯನ್ನು ಹೊಕ್ಕು, ಹದಿನೆಂಟು ಹಂತಗಳನ್ನು ದಾಟಿ, ಕೊನೆಯಲ್ಲಿ ಡ್ರಾಕುಲನನ್ನು ಕೊಲ್ಲುವುದು ಅದರ ವಸ್ತು.

ಈ ಗಂಭೀರ ಪಠ್ಯದೊಳಗೇ ನಗೆಯ ಬೀಜ ಅಡಗಿತ್ತೆಂಬುದು ಗಮನಾರ್ಹ. ಡ್ರಾಕುಲನು ಸತ್ತ ಮೇಲೆ ಪರದೆಯ ಮೇಲೆ ಮೂಡುವ ಹೆಸರುಗಳ ಪಟ್ಟಿಯಲ್ಲಿ ಆಟವನ್ನು ತಯಾರಿಸಿದವರ ನಿಜನಾಮಗಳಿಲ್ಲ. ಬದಲಾಗಿ ‘ವ್ರಾಮ್ ಸ್ಟೋಕರ್’, ‘ಬೆಲೋ ಲುಗೋಸಿ’, ‘ಕ್ರಿಸ್ಟಫರ್ ಬೀ’ ಎಂಬಂತಹ, ಒಂದೆರಡು ಅಕ್ಷರಗಳನ್ನು ತಿರುಚಿದ ಹೆಸರುಗಳಿವೆ. ಅಣಕವು ಹೊರಗಿನಿಂದ ಬಂದ ದಾಳಿಯಲ್ಲ, ಪರಂಪರೆಯು ತನ್ನನ್ನೇ ತಾನು ನೋಡಿಕೊಳ್ಳುವ ಒಂದು ಕ್ರಮ ಎಂಬುದಕ್ಕೆ ಈ ಪಟ್ಟಿ ಉತ್ತಮ ನಿದರ್ಶನ. ಅಣಕಕ್ಕೆ ಲೇವಡಿ ಅನಿವಾರ್ಯವಲ್ಲ, ಭೇದವನ್ನು ಕಾಯ್ದುಕೊಂಡ ಪುನರಾವರ್ತನೆಯೇ ಅದರ ಲಕ್ಷಣ ಎಂದು ಲಿಂಡಾ ಹಚಿಯನ್ 1985ರ ತಮ್ಮ ಗ್ರಂಥದಲ್ಲಿ ಮಂಡಿಸಿದ ವಿಚಾರವು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಕೊನಾಮಿಗೆ ಇಂತಹ ಸ್ವ-ಅಣಕ ಹೊಸದೂ ಆಗಿರಲಿಲ್ಲ. ತನ್ನದೇ ‘ಗ್ರಾಡಿಯಸ್’ ಎಂಬ ಬಾಹ್ಯಾಕಾಶ ಯುದ್ಧದ ಆಟವನ್ನು ಅಣಕಿಸಿ ಅದು 1988ರಲ್ಲಿ ‘ಪರೋಡಿಯಸ್’ ಎಂಬ ಆಟವನ್ನು ತಂದಿತ್ತು.

ಜಪಾನಿನ ಸಂಸ್ಕೃತಿಯಲ್ಲಿ ಇದಕ್ಕೆ ಇನ್ನೊಂದು ಹಿನ್ನೆಲೆಯೂ ಉಂಟು. 1965ರಲ್ಲಿ ಆರಂಭವಾದ ‘ಕೈಬುತ್ಸು-ಕುನ್’ ಎಂಬ ಚಿತ್ರಕಥಾಮಾಲೆಯಲ್ಲಿ ದೆವ್ವಗಳ ನಾಡಿನ ಬಾಲಕನೊಬ್ಬನಿಗೆ ಡ್ರಾಕುಲ, ತೋಳಮನುಷ್ಯ ಮತ್ತು ಫ್ರಾಂಕೆನ್‌ಸ್ಟೈನ್ ಪರಿಚಾರಕರಾಗಿದ್ದಾರೆ. ಒಸಾಮು ತೆಜುಕಾರ ‘ಡಾನ್ ಡ್ರಾಕುಲ’ (1979) ಚಿತ್ರಕಥೆಯಲ್ಲಿ ಡ್ರಾಕುಲನು ಟೋಕಿಯೋದಲ್ಲಿ ಮಗಳೊಡನೆ ಸಂಸಾರ ಹೂಡಿದ್ದಾನೆ. ಪಾಶ್ಚಾತ್ಯ ಪಿಶಾಚಿಯನ್ನು ಮನೆಯ ಮಟ್ಟಕ್ಕೆ ಇಳಿಸಿಕೊಳ್ಳುವ ಈ ಪ್ರವೃತ್ತಿಯಲ್ಲಿಯೇ 1990ರ ಆಟವನ್ನೂ ಇರಿಸಿ ನೋಡಬೇಕಾಗುತ್ತದೆ.

2. ‘ಬೋಕು’ ಮತ್ತು ‘ಕುನ್’

ಆಟದ ಹೆಸರೇ ಒಂದು ಭಾಷಿಕ ಅಧ್ಯಯನಕ್ಕೆ ಯೋಗ್ಯವಾಗಿದೆ. ಜಪಾನಿ ಭಾಷೆಯಲ್ಲಿ ‘ನಾನು’ ಎಂಬುದಕ್ಕೆ ಒಂದೇ ಪದವಿಲ್ಲ. ಮಾತನಾಡುವವನ ಲಿಂಗ, ವಯಸ್ಸು, ಸಂದರ್ಭಗಳಿಗೆ ಅನುಗುಣವಾಗಿ ‘ವಾತಾಶಿ’, ‘ಓರೆ’, ‘ವಾಶಿ’, ‘ಬೋಕು’ ಮುಂತಾದವು ಬಳಕೆಯಾಗುತ್ತವೆ. ಇವುಗಳಲ್ಲಿ ‘ಬೋಕು’ ಎಂಬುದು ವಿಶೇಷವಾಗಿ ಹುಡುಗರ ‘ನಾನು’. ದೊಡ್ಡವರಾದ ಗಂಡಸರು ಬಳಸಿದಾಗಲೂ ಅದರಲ್ಲಿ ಒಂದು ಮೆದುತನ ಉಳಿದಿರುತ್ತದೆ. ‘ಕುನ್’ ಎಂಬುದು ಹುಡುಗರ ಹೆಸರಿಗೆ ಇತರರು ಸೇರಿಸುವ ಸಂಬೋಧನಾ ಪ್ರತ್ಯಯ. ತನ್ನ ಹೆಸರಿಗೆ ತಾನೇ ಅದನ್ನು ಸೇರಿಸಿಕೊಳ್ಳುವುದು ದೊಡ್ಡವರ ನಡವಳಿಕೆಯಲ್ಲ. ‘ಬೋಕು ಡ್ರಾಕ್ಯುರಾ-ಕುನ್’ ಎಂಬಲ್ಲಿ ತನ್ನನ್ನು ತಾನು ಹೇಳಿಕೊಳ್ಳುವ ದನಿ ಮತ್ತು ಇತರರು ಮುದ್ದಿನಿಂದ ಕರೆಯುವ ದನಿ ಎರಡೂ ಬೆರೆತಿವೆ. ಶತಮಾನಗಳಷ್ಟು ವಯಸ್ಸಾದ ಕೌಂಟ್ ಡ್ರಾಕುಲನ ಹೆಸರನ್ನು ಎರಡು ಬದಿಯಿಂದಲೂ ಬಾಲಭಾಷೆ ಸುತ್ತುವರಿದಿದೆ.

ಲಿಪಿಯೂ ಈ ಪರಿಣಾಮಕ್ಕೆ ನೆರವಾಗುತ್ತದೆ. ಅನ್ಯದೇಶೀಯ ಪದಗಳನ್ನು ಜಪಾನಿಯಲ್ಲಿ ವಾಡಿಕೆಯಾಗಿ ಕಟಕಾನಾ ಲಿಪಿಯಲ್ಲಿ ಬರೆಯುತ್ತಾರೆ. ಆದರೆ ಈ ಶೀರ್ಷಿಕೆಯಲ್ಲಿ ‘ಸ್ಪೆಷಲ್’ ಎಂಬ ಇಂಗ್ಲಿಷ್ ಪದವನ್ನು, ಮಕ್ಕಳು ಮೊದಲು ಕಲಿಯುವ ಹಿರಗಾನಾ ಲಿಪಿಯಲ್ಲಿ ಬರೆಯಲಾಗಿದೆ. ‘ಅಕುಮಾಜೋ’ ಎಂಬ ಭಾಗ ಮಾತ್ರ ಗಂಭೀರವಾದ ಕಾಂಜಿ ಲಿಪಿಯಲ್ಲಿದೆ. ಒಂದೇ ಶೀರ್ಷಿಕೆಯ ಒಳಗೆ ದೊಡ್ಡವರ ಬರವಣಿಗೆ ಮತ್ತು ಮಕ್ಕಳ ಬರವಣಿಗೆ ಅಕ್ಕಪಕ್ಕ ನಿಂತು, ಆಧಾರಪಠ್ಯ ಯಾವುದು, ಅದಕ್ಕೆ ಆದ ಮಾರ್ಪಾಡು ಯಾವುದು ಎಂಬುದನ್ನು ಓದುಗನ ಕಣ್ಣಿಗೇ ತೋರಿಸುತ್ತವೆ.

3. ಆಟದ ವ್ಯಾಕರಣ

ಶೀರ್ಷಿಕೆಯ ‘ನಾನು’ ಆಟದೊಳಗೆ ಕ್ರಿಯೆಯಾಗಿ ವಿಸ್ತರಿಸುತ್ತದೆ. ವಿಡಿಯೋ ಗೇಮಿನಲ್ಲಿ ಪರದೆಯ ಪಾತ್ರ ಬಿದ್ದಾಗ ಆಡುವವನು ‘ಅವನು ಬಿದ್ದ’ ಎನ್ನುವುದಿಲ್ಲ, ‘ನಾನು ಬಿದ್ದೆ’ ಎನ್ನುತ್ತಾನೆ. ಗುಂಡಿಯ ಮೇಲಿನ ಬೆರಳೇ ಇಲ್ಲಿ ಆಖ್ಯಾತ ಪ್ರತ್ಯಯದ ಕೆಲಸ ಮಾಡುತ್ತದೆ. ಆದ್ದರಿಂದ ಯಾರನ್ನು ಆಡುವವನ ಕೈಗೆ ಒಪ್ಪಿಸಲಾಗಿದೆ ಎಂಬುದು ನಿರೂಪಣೆಯ ಪುರುಷವನ್ನು ನಿರ್ಧರಿಸುತ್ತದೆ. 1986ರ ಆಟದಲ್ಲಿ ಈ ಸ್ಥಾನ ಬೇಟೆಗಾರ ಸೈಮನ್ನನದು. ಸ್ಟೋಕರನ ಕಾದಂಬರಿಯ ಹಂಚಿಕೆ ಅಲ್ಲಿ ಹಾಗೆಯೇ ಉಳಿದಿದೆ. 1990ರಲ್ಲಿ ಅದು ಡ್ರಾಕುಲನ ಪಾಲಿಗೆ ಬರುತ್ತದೆ.

ಇದರೊಂದಿಗೆ ದಿಕ್ಕೂ ಬದಲಾಗುತ್ತದೆ. ಸೈಮನ್ನನ ಪಯಣ ಹೊರಗಿನಿಂದ ಒಳಕ್ಕೆ, ಕೋಟೆಯ ಬಾಗಿಲಿನಿಂದ ಡ್ರಾಕುಲನ ಕೋಣೆಗೆ. ಬಾಲಕ ಡ್ರಾಕುಲನ ಪಯಣ ಕೋಟೆಯಲ್ಲಿ ಮೊದಲಾಗಿ ಹೊರಜಗತ್ತಿಗೆ ಸಾಗುತ್ತದೆ. ದೀರ್ಘನಿದ್ರೆಯಿಂದ ಎದ್ದ ಈ ಬಾಲಕನ ಅಧಿಕಾರವನ್ನು ಗಲಮೋಥ್ ಎಂಬ ದೈತ್ಯನು ಪ್ರಶ್ನಿಸುವುದೇ ಕತೆಯ ಎಳೆ. ಮೊದಲ ಹಂತದ ಸಂಗೀತವು ಸರಣಿಯ 1989ರ ಗಂಭೀರ ಆಟವೊಂದರ ಪ್ರಸಿದ್ಧ ರಾಗವನ್ನೇ ಬಳಸಿಕೊಂಡಿದೆ. ಪರಿಚಿತವಾದ ರಾಗ ಕೇಳಿದವನಿಗೆ ಪರಿಚಿತವಾದ ಭಯದ ನಿರೀಕ್ಷೆ ಮೂಡಿದರೆ, ಪರದೆಯ ಮೇಲೆ ಕಾಣುವುದು ದೊಡ್ಡ ತಲೆಯ, ಪುಟ್ಟ ಮೈಯ ಹುಡುಗ. ನ್ಯೂಯಾರ್ಕಿನ ಹಂತದಲ್ಲಂತೂ ಕೊನೆಯ ಕಾಳಗದ ಬದಲಿಗೆ ಲಿಬರ್ಟಿ ಪ್ರತಿಮೆಯು ರಸಪ್ರಶ್ನೆ ಕೇಳುತ್ತದೆ. ವೀರರಸದ ಸನ್ನಿವೇಶವೊಂದು ತರಗತಿಯ ಸನ್ನಿವೇಶವಾಗುವುದೇ ಅಲ್ಲಿಯ ನಗೆಯ ಮೂಲ.

ದೇಹದ ಚಲನೆಯೂ ವಿವೇಚನೆಗೆ ಅರ್ಹವಾಗಿದೆ. ಸೈಮನ್ ಒಮ್ಮೆ ನೆಗೆದನೆಂದರೆ ಗಾಳಿಯಲ್ಲಿ ಅವನ ದಿಕ್ಕನ್ನು ಬದಲಿಸಲಾಗದು. ಬಾವಲಿಯೊಂದು ತಾಗಿದರೂ ಹಿಂದಕ್ಕೆ ಎಸೆಯಲ್ಪಟ್ಟು ಎಷ್ಟೋ ಸಲ ಕಂದಕಕ್ಕೆ ಬೀಳುತ್ತಾನೆ. ಆಧಾರಪಠ್ಯದಲ್ಲಿ ಶತ್ರುವಾಗಿದ್ದ ಆ ಬಾವಲಿ ಅಣಕದಲ್ಲಿ ನಾಯಕನದೇ ಒಂದು ರೂಪ. ಬಾಲಕ ಡ್ರಾಕುಲನು ಸ್ವಲ್ಪ ಹೊತ್ತು ಬಾವಲಿಯಾಗಿ ಹಾರಬಲ್ಲ. 1990ರ ಆಟದಲ್ಲಿ ಅವನು ಚಾವಣಿಗೆ ತಲೆಕೆಳಗಾಗಿ ಅಂಟಿಕೊಂಡು ನಡೆಯುವ ವಿದ್ಯೆಯನ್ನೂ ಗಳಿಸುತ್ತಾನೆ. ಸ್ಟೋಕರನ ಕಾದಂಬರಿಯಲ್ಲಿ ಡ್ರಾಕುಲನು ಕೋಟೆಯ ಗೋಡೆಯ ಮೇಲೆ ತಲೆ ಕೆಳಗಾಗಿ ತೆವಳಿ ಇಳಿಯುವುದನ್ನು ಹಾರ್ಕರನು ಕಿಟಕಿಯಿಂದ ಕಂಡು ನಡುಗುವ ಪ್ರಸಂಗವಿದೆ. ಅದೇ ಕ್ರಿಯೆಯನ್ನು ಕಿಟಕಿಯಿಂದ ನೋಡುವ ಬದಲು ಸ್ವತಃ ಮಾಡತೊಡಗಿದಾಗ ಅದು ನಡುಕವಾಗಿ ಉಳಿಯುವುದಿಲ್ಲ, ಮಕ್ಕಳ ಲಾಗವಾಗುತ್ತದೆ. ಕ್ರಿಯೆ ಬದಲಾಗಿಲ್ಲ, ಪುರುಷ ಬದಲಾಗಿದೆ.

1993ರ ಆಟದಲ್ಲಿ ಈ ಬಾಲ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಗಲಮೋಥ್ ಮರಳಿ ಬಂದಾಗ ಬಾಲಕ ಡ್ರಾಕುಲನು ತನ್ನ ಮಂತ್ರಗಳಲ್ಲಿ ಹೆಚ್ಚಿನವನ್ನು ಮರೆತಿರುತ್ತಾನೆ. ಆಟ ಮುಂದುವರಿದಂತೆ ಅವನ್ನು ಒಂದೊಂದಾಗಿ ಮತ್ತೆ ಕಲಿಯಬೇಕು. ಗಂಭೀರ ಸರಣಿಯಲ್ಲಿ ಕುಡುಗೋಲು ಹಿಡಿದು ಪ್ರಾಣ ತೆಗೆಯಲು ಬರುವ ಮೃತ್ಯುವು ಇಲ್ಲಿ ಅರಮನೆಯ ಹಳೆಯ ಸೇವಕನಂತೆ ಸಲಹೆ ಕೊಡುತ್ತಾನೆ. ಸೋಜಿಗವೆಂದರೆ, ಈ ಮರೆವಿಗೆ ಮೂಲ ಕಾದಂಬರಿಯಲ್ಲಿಯೇ ಒಂದು ಪೂರ್ವಸೂಚನೆ ಇದೆ. ಡ್ರಾಕುಲನ ಸ್ಮರಣೆ ಪೂರ್ಣವಾಗಿ ಉಳಿದಂತಿಲ್ಲ, ಬುದ್ಧಿಯ ಕೆಲವು ಅಂಶಗಳಲ್ಲಿ ಅವನಿನ್ನೂ ಮಗುವಿನಂತೆಯೇ ಇದ್ದಾನೆ, ಆದರೆ ಬೆಳೆಯುತ್ತಿದ್ದಾನೆ ಎಂದು ವಾನ್ ಹೆಲ್ಸಿಂಗ್ ತನ್ನ ಜೊತೆಗಾರರಿಗೆ ಎಚ್ಚರಿಕೆ ಕೊಡುತ್ತಾನೆ. ಅಲ್ಲಿ ಭಯಕ್ಕೆ ಕಾರಣವಾದ ‘ಮಗುವಿನ ಬುದ್ಧಿ’ ಮತ್ತು ‘ಬೆಳವಣಿಗೆ’ ಇಲ್ಲಿ ಆಟದ ಪ್ರಗತಿಯ ಕ್ರಮವೇ ಆಗಿವೆ. ಪ್ರಜ್ಞಾಪೂರ್ವಕವಾದ ಅನುಸರಣೆ ಎಂದು ಇದನ್ನು ಹೇಳಬೇಕಾಗಿಲ್ಲ. ಆಧಾರಪಠ್ಯದಲ್ಲಿ ಅವ್ಯಕ್ತವಾಗಿ ಉಳಿದ ಸಾಧ್ಯತೆಯನ್ನು ಅಣಕವು ಹೊರತೆಗೆಯಬಲ್ಲದು ಎಂಬುದಷ್ಟೇ ಇಲ್ಲಿ ಮುಖ್ಯ.

4. ನಾಲ್ಕು ಛಾಯೆಗಳ ಪರದೆ

ಮಾಧ್ಯಮದ ಮಿತಿಯೂ ಅರ್ಥಸೃಷ್ಟಿಯಲ್ಲಿ ಪಾಲುಗೊಳ್ಳುತ್ತದೆ. ನಿಂಟೆಂಡೊ ಕಂಪನಿಯು 1989ರಲ್ಲಿ ಬಿಡುಗಡೆ ಮಾಡಿದ ಗೇಮ್ ಬಾಯ್ ಯಂತ್ರದ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚಿತ್ರಬಿಂದುಗಳಿದ್ದವು. ಬಣ್ಣಗಳಿರಲಿಲ್ಲ, ಹಸಿರು ಮಿಶ್ರಿತವಾದ ನಾಲ್ಕು ಛಾಯೆಗಳಷ್ಟೇ ಇದ್ದವು. ಇದನ್ನು ರೂಪಿಸಿದ ತಂಡದ ಮುಖ್ಯಸ್ಥರಾದ ಗುನ್‌ಪೇ ಯೊಕೊಯಿ ಅವರು, ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕೆಂಬ ವಿಚಾರದವರು. ಆದ್ದರಿಂದಲೇ ಯಂತ್ರವು ನಾಲ್ಕು ಸಣ್ಣ ಬ್ಯಾಟರಿಗಳಿಂದ ಹಲವು ಗಂಟೆಗಳ ಕಾಲ ನಡೆಯುತ್ತಿತ್ತು.

ರಕ್ತಪಿಶಾಚಿಯ ಕತೆಗೆ ಇದರ ಪರಿಣಾಮ ಸಣ್ಣದಲ್ಲ. ಕೆಂಪು ಮತ್ತು ಕಪ್ಪು ಭಯಾನಕ ಸಿನಿಮಾದ ಮುಖ್ಯ ವರ್ಣಗಳು. ಕೆಂಪೇ ಇಲ್ಲದ ಪರದೆಯಲ್ಲಿ ರಕ್ತವು ರಕ್ತವಾಗಿ ಕಾಣಲಾರದು. ಬೆರಳಿನಷ್ಟೂ ಎತ್ತರವಿಲ್ಲದ ಪಾತ್ರವೊಂದು ಗುರುತಿಗೆ ಸಿಗಬೇಕಾದರೆ ತಲೆಯನ್ನು ದೊಡ್ಡದಾಗಿಸಿ ಕಣ್ಣುಗಳನ್ನು ಅಗಲಿಸಬೇಕು. ಹಾಗೆ ಮಾಡಿದೊಡನೆ ಪಾತ್ರವು ಮಗುವಿನ ರೂಪ ತಾಳುತ್ತದೆ. ಟಿ.ವಿ. ಪರದೆಯಲ್ಲಿ ಶೈಲಿಯ ಆಯ್ಕೆಯಾಗಿದ್ದುದು ಇಲ್ಲಿ ಬಹುಮಟ್ಟಿಗೆ ಮಾಧ್ಯಮದ ಅಗತ್ಯವೂ ಆಯಿತು. ಇನ್ನೊಂದು ಸಂಗತಿಯೂ ಉಂಟು. ಆ ಯಂತ್ರದ ಪರದೆಗೆ ಒಳಗಿನಿಂದ ಬೆಳಕಿರಲಿಲ್ಲ. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ದೀಪದ ಕೆಳಗೋ ಹಗಲಿನಲ್ಲೋ ಆಡಬೇಕಿತ್ತು. ಸೂರ್ಯನ ಬೆಳಕಿಗೆ ಹೆದರುವ ಜೀವಿಯ ಕತೆಯನ್ನು ಬೆಳಕಿಲ್ಲದೆ ಆಡಲಾಗದು ಎಂಬ ಸ್ಥಿತಿಯೇ ಭಯಾನಕದ ವಾತಾವರಣವನ್ನು ಒಡೆಯಲು ಸಾಕು. ಕತ್ತಲೆಯ ಚಿತ್ರಮಂದಿರದ ಡ್ರಾಕುಲನು ಅಂಗೈಯ ಬೆಳಕಿಗೆ ಬಂದದ್ದು ಹೀಗೆ.

5. ರಸವಿರೋಧದ ಪ್ರಶ್ನೆ

ಭಾರತೀಯ ಕಾವ್ಯಮೀಮಾಂಸೆಯು ಈ ಪರಿವರ್ತನೆಯನ್ನು ವಿವರಿಸಲು ಉಪಯುಕ್ತವಾದ ಪರಿಕರಗಳನ್ನು ಒದಗಿಸುತ್ತದೆ. ವಿಕೃತವಾದ ವೇಷ, ಅಲಂಕಾರ, ಮಾತುಗಳು ಹಾಸ್ಯದ ವಿಭಾವಗಳೆಂದು ಭರತನು ಹೇಳುತ್ತಾನೆ. ಅನೌಚಿತ್ಯದಿಂದ ಯಾವ ರಸದ ಆಭಾಸವಾದರೂ ಹಾಸ್ಯಕ್ಕೆ ಎಡೆಯಾಗುತ್ತದೆಂಬುದು ಅಭಿನವಗುಪ್ತನ ವಿಸ್ತರಣೆ. ಇದರ ಪ್ರಕಾರ ಬಾಲಕನ ಮೈಮೇಲಿನ ಕೌಂಟನ ನಿಲುವಂಗಿಯು ಹಾಸ್ಯದ ವಿಭಾವವೇ ಸರಿ. ಆದರೆ ಹಾಸ್ಯ ಮತ್ತು ಭಯಾನಕಗಳು ಪರಸ್ಪರ ವಿರೋಧಿಗಳೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಪರಿಗಣಿಸಿದ್ದಾನೆ. ಹಾಗಿದ್ದಲ್ಲಿ ಇವೆರಡೂ ಒಂದೇ ಪಠ್ಯದಲ್ಲಿ ಕೂಡಿ ನಡೆಯುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ.

ವಿರೋಧಿ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ಇರಿಸಿದರೆ ವಿರೋಧ ಪರಿಹಾರವಾಗುತ್ತದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಸೂಚಿಸಿದ್ದಾನೆ. ನಾಯಕನಲ್ಲಿ ಉತ್ಸಾಹವೂ ಪ್ರತಿನಾಯಕನಲ್ಲಿ ಭಯವೂ ಇದ್ದರೆ ವೀರಕ್ಕೆ ಭಂಗವಿಲ್ಲ. ಈ ಸೂತ್ರವನ್ನು ಪ್ರಸ್ತುತ ಪಠ್ಯಕ್ಕೆ ಅನ್ವಯಿಸಿದಾಗ ಸ್ಥಾನಪಲ್ಲಟವೊಂದು ಗೋಚರಿಸುತ್ತದೆ. ಕಾದಂಬರಿಯಲ್ಲಿ ಡ್ರಾಕುಲನು ಭಯದ ಆಲಂಬನ, ಹಾರ್ಕರನು ಅದರ ಆಶ್ರಯ. ಆಟದಲ್ಲಿ ಡ್ರಾಕುಲನೇ ಭಯದ ಆಶ್ರಯ: ಕಂದಕಕ್ಕೆ ಬೀಳುವವನು, ಮುಳ್ಳಿಗೆ ತಾಗುವವನು, ಮತ್ತೆ ಮೊದಲಿನಿಂದ ಆರಂಭಿಸಬೇಕಾದವನು ಅವನು. ಹೆದರಿಸಬೇಕಾದವನೇ ಹೆದರುವಾಗ ನಗೆ ಹುಟ್ಟುತ್ತದೆ. ಆದರೆ ಆಡುವವನು ಈ ಹೆದರಿಕೆಯನ್ನು ದೂರದಿಂದ ನೋಡಿ ನಗುವ ಪ್ರೇಕ್ಷಕನಲ್ಲ. ಅವನ ಬೆರಳುಗಳೂ ಅದೇ ಆತಂಕದಲ್ಲಿವೆ. ಆದ್ದರಿಂದ ಇಲ್ಲಿಯ ನಗೆ ಪರಿಹಾಸವಾಗುವುದಿಲ್ಲ, ಅನುಕಂಪದೊಡನೆ ಕೂಡಿಕೊಳ್ಳುತ್ತದೆ. ಉತ್ತಮಪುರುಷದ ಸ್ಥಾನ ದೊರೆತುದರ ಫಲವಿದು.

6. ಅನುವಾದದಲ್ಲಿ ಕಳೆದ ಕೊಂಡಿಗಳು

ಇಂಗ್ಲಿಷಿನಲ್ಲಿ ಈ ಪಠ್ಯದ ಇತಿಹಾಸ ವಿಚಿತ್ರವಾಗಿದೆ. 1993ರಲ್ಲಿ ಇಂಗ್ಲಿಷಿಗೆ ಬಂದದ್ದು ಗೇಮ್ ಬಾಯ್‌ನ ಮುಂದುವರಿಕೆ ಮಾತ್ರ. ಅದಕ್ಕೆ ಮೂಲವಾದ 1990ರ ಆಟಕ್ಕೆ ಅಧಿಕೃತ ಇಂಗ್ಲಿಷ್ ರೂಪ ದೊರೆತದ್ದು 2019ರಲ್ಲಿ, ಸರಣಿಯ ಎಂಟು ಆಟಗಳ ಸಂಕಲನವೊಂದರಲ್ಲಿ. ಇಪ್ಪತ್ತಾರು ವರ್ಷಗಳ ಕಾಲ ಇಂಗ್ಲಿಷಿನ ಆಟಗಾರರಿಗೆ ಗಲಮೋಥ್ ‘ಮರಳಿ ಬಂದ’ ಶತ್ರು, ಆದರೆ ಅವನು ಮೊದಲು ಬಂದ ಕತೆ ಇಲ್ಲ. 2019ರ ಸಂಕಲನದಲ್ಲಿ 1990ರ ಆಟವಿದ್ದರೂ 1993ರ ಆಟವನ್ನು ಸೇರಿಸಿರಲಿಲ್ಲ.

ಶೀರ್ಷಿಕೆಯ ಮಟ್ಟದಲ್ಲಿ ಆದ ನಷ್ಟ ಇನ್ನೂ ಆಳವಾದುದು. ಜಪಾನಿಯಲ್ಲಿ ‘ಅಕುಮಾಜೋ ಡ್ರಾಕ್ಯುರಾ’ ಮತ್ತು ‘ಅಕುಮಾಜೋ ಸ್ಪೆಷಲ್: ಬೋಕು ಡ್ರಾಕ್ಯುರಾ-ಕುನ್’ ಎಂಬ ಎರಡು ಹೆಸರುಗಳು ಎರಡು ಪದಗಳನ್ನು ಹಂಚಿಕೊಂಡಿವೆ, ಒಂದು ಇನ್ನೊಂದರ ಅಣಕವೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಇಂಗ್ಲಿಷಿನ ‘ಕ್ಯಾಸಲ್‌ವೇನಿಯ’ ಮತ್ತು ‘ಕಿಡ್ ಡ್ರಾಕುಲ’ಗಳ ನಡುವೆ ಒಂದು ಪದವೂ ಸಮಾನವಾಗಿಲ್ಲ. ಅಣಕ ಮತ್ತು ಆಧಾರಪಠ್ಯಗಳ ನಡುವಣ ಕೊಂಡಿ ಅಲ್ಲಿಯೇ ಕಳಚಿತು. ಜೊತೆಗೆ ‘ಕಿಡ್’ ಎಂಬುದು ಇತರರು ಹೇಳುವ ವರ್ಣನೆ, ತಾನು ಹೇಳಿಕೊಳ್ಳುವ ಸರ್ವನಾಮವಲ್ಲ. ಸ್ಟೋಕರನ ಭಾಷೆಗೆ ಹಿಂದಿರುಗಿದ ಡ್ರಾಕುಲನು ಮತ್ತೆ ಪ್ರಥಮಪುರುಷಕ್ಕೇ ಹಿಂದಿರುಗಿದನು.

ಕನ್ನಡದ ಅನುವಾದಕನಿಗೂ ಇಲ್ಲಿ ಕಲಿಯಬೇಕಾದುದಿದೆ. ಕನ್ನಡದಲ್ಲಿ ಮಗುವಿನ ‘ನಾನು’ ಮತ್ತು ಅಜ್ಜನ ‘ನಾನು’ ಒಂದೇ. ‘ಪುಟ್ಟ ಡ್ರಾಕುಲ’ ಎಂದರೆ ಇಂಗ್ಲಿಷಿನ ಮಾರ್ಗವನ್ನೇ ಹಿಡಿದಂತಾಗುತ್ತದೆ. ಆದರೆ ನಮ್ಮ ಮನೆಗಳ ಮಕ್ಕಳು ‘ಪುಟ್ಟಂಗೆ ಹಸಿವು’, ‘ಪುಟ್ಟಿ ಬರಲ್ಲ’ ಎಂದು, ಇತರರು ಕರೆಯುವ ಹೆಸರಿನಿಂದಲೇ ತಮ್ಮನ್ನು ಹೇಳಿಕೊಳ್ಳುವುದುಂಟು. ಹೇಳಿಕೊಳ್ಳುವ ದನಿ ಮತ್ತು ಕರೆಸಿಕೊಳ್ಳುವ ದನಿ ಬೆರೆಯುವ ಈ ಪ್ರಯೋಗ ‘ಬೋಕು… ಕುನ್’ ಎಂಬುದರ ಸಮೀಪಕ್ಕೆ ಬರುತ್ತದೆ. ‘ಡ್ರಾಕುಲ ಪುಟ್ಟ ನಾನು’ ಎಂಬ ರೂಪದಲ್ಲಿ ಸರ್ವನಾಮದ ಕೊರತೆಯನ್ನು ಪದಕ್ರಮ ಮತ್ತು ಮುದ್ದಿನ ಹೆಸರು ತುಂಬಿಕೊಡಬಲ್ಲವು. ಲಿಪಿಭೇದದಿಂದ ಹುಟ್ಟುವ ನಗೆ ಮಾತ್ರ ಒಂದೇ ಲಿಪಿಯ ಕನ್ನಡಕ್ಕೆ ದಕ್ಕದು.

7. ಸಮಾರೋಪ

ಹಾಸ್ಯದ ಪಠ್ಯಗಳನ್ನು ಮೂಲಕ್ಕೆ ಅಂಟಿದ ಕಿರುಕೃತಿಗಳೆಂದು ಬದಿಗಿಡುವ ರೂಢಿ ಸಾಹಿತ್ಯಚರಿತ್ರೆಯಲ್ಲಿ ಬಲವಾಗಿದೆ. ಈ ಪಠ್ಯ ಆ ರೂಢಿಗೆ ಒಪ್ಪುವುದಿಲ್ಲ. ಅಣಕಕ್ಕಾಗಿ ಹುಟ್ಟಿದ ಗಲಮೋಥ್ 1997ರಲ್ಲಿ ಇದೇ ಸರಣಿಯ ಅತ್ಯಂತ ಪ್ರಸಿದ್ಧವಾದ ಗಂಭೀರ ಆಟ ‘ಸಿಂಫನಿ ಆಫ್ ದ ನೈಟ್’ನಲ್ಲಿ ಪರದೆಯನ್ನು ತುಂಬುವ ಭೀಕರ ಶತ್ರುವಾಗಿ ಕಾಣಿಸಿಕೊಂಡನು. ನಗೆಯ ಪಠ್ಯದಿಂದ ಗಂಭೀರ ಪಠ್ಯಕ್ಕೂ ಸಾಲ ಹೋಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಭಯವನ್ನು ನಗೆಯಾಗಿಸಲು ವಸ್ತುವನ್ನೇ ಬದಲಿಸಬೇಕೆಂದಿಲ್ಲ. ನಿರೂಪಣೆಯ ಪುರುಷವನ್ನು ಬದಲಿಸಿದರೂ ಸಾಕು. ಎರಡು, ವಿಡಿಯೋ ಗೇಮಿನಲ್ಲಿ ಆ ಪುರುಷವು ವಾಕ್ಯಕ್ಕಿಂತ ಹೆಚ್ಚಾಗಿ ಕ್ರಿಯೆಯಲ್ಲಿ ನೆಲೆಸಿರುತ್ತದೆ. ಶೀರ್ಷಿಕೆಯ ‘ಬೋಕು’ ಅನುವಾದದಲ್ಲಿ ಅಳಿಸಿಹೋದರೂ ಬೆರಳ ತುದಿಯ ‘ನಾನು’ ಉಳಿದುಕೊಂಡದ್ದು ಇದರಿಂದ. ಮೂರು, ಅಣಕದ ಅನುವಾದವೆಂದರೆ ಎರಡು ಪಠ್ಯಗಳ ಅನುವಾದ. ಆಧಾರಪಠ್ಯದ ಹೆಸರು ಮತ್ತು ಅಣಕದ ಹೆಸರುಗಳ ನಡುವಣ ನಂಟನ್ನು ಉಳಿಸಿಕೊಳ್ಳದೆ ಹೋದರೆ, ಪದಗಳೆಲ್ಲ ಸರಿಯಾಗಿದ್ದರೂ ಅಣಕವು ಅಣಕವಾಗಿ ಉಳಿಯುವುದಿಲ್ಲ. ಕಾದಂಬರಿಯಲ್ಲಿ ಎಲ್ಲರಿಗೂ ದಿನಚರಿಯಿದ್ದು ಡ್ರಾಕುಲನಿಗೆ ಮಾತ್ರ ಇರಲಿಲ್ಲ. ಸುಮಾರು ಒಂದು ಶತಮಾನದ ತರುವಾಯ ಅವನಿಗೆ ದೊರೆತ ‘ನಾನು’ ಒಬ್ಬ ಮರೆಗುಳಿ ಹುಡುಗನದು ಎಂಬುದು, ಉತ್ತಮಪುರುಷವನ್ನು ಯಾರಿಗೆ ಕೊಡಲಾಗುತ್ತದೆ, ಯಾರಿಗೆ ನಿರಾಕರಿಸಲಾಗುತ್ತದೆ ಎಂಬ ಪ್ರಶ್ನೆಯನ್ನು ಬೇರೆ ಪಠ್ಯಗಳ ಮುಂದೆಯೂ ಇಡಲು ಪ್ರೇರಕವಾಗಿದೆ.